ಸಾರಡ್ಕದ ಆಚೆಯ ಬೈಕ್

2024 ಆಗಸ್ಟ್ 11, ಭಾನುವಾರ
ಬದಿಯಡ್ಕ

ಬೈಕ್ ತಗೊಂಡಿಲ್ಲ. ಬೇಡ ಅಂತಲೂ ಹೇಳಿ ಬಂದಿಲ್ಲ. ಅಕ್ಕನ ಮಗ ಪುಟ್ಟ ಊಟಕ್ಕೆ ಕರೆದರೂ ಬಾರದೆ ಮುಖ ಊದಿಸಿಕೊಂಡು ಮಲಗಿದ್ದಾನೆ. ಸಮಾಧಾನ ಆಗಿರುವುದು ಅಮ್ಮನಿಗೆ ಮಾತ್ರ. "ಆಟಿಯಲ್ಲಿ ಯಾರಾದರೂ ಮನೆಗೆ ವಾಹನ ತರ್ತಾರಾ? ಸೋಣ ಸಂಕ್ರಮಣ ಕಳೀಲಿ" ಅಂತ ಅವರದು ಮೊನ್ನೆಯಿಂದ ಒಂದೇ ರಾಗ. ತುಳು ತಿಂಗಳು ಆಟಿ ಶುಭಕಾರ್ಯಕ್ಕೆ ಆಗದಂತೆ, ಸೋಣ ಅದರ ಮುಂದಿನದ್ದು. ನಾನು ಆಟಿ ಗೀಟಿ ನೋಡುವವನಲ್ಲ. ಆದರೂ ಈ ಸಲ ಅದು ಅನುಕೂಲಕ್ಕೇ ಬಂತು. ಯೋಚನೆ ಮಾಡಲು ನಾಲ್ಕು ದಿನ ಸಿಕ್ಕಿತು.

ಪುಟ್ಟನಿಗೆ ಡರ್ಟ್ ಬೈಕ್ ಹುಚ್ಚು ಹಿಡಿದದ್ದು ಇವತ್ತು ನಿನ್ನೆಯಲ್ಲ. ಉಡುಪಿಯ ಅರವಿಂದ್ ಕೆ.ಪಿ. 2019ರಲ್ಲಿ ಡಕಾರ್ ರ‍್ಯಾಲಿ ಪೂರ್ತಿ ಮುಗಿಸಿದ್ದು ಅವನಿಗೆ ಬಾಯಿಪಾಠ. ಅದೇ ಅರವಿಂದ್ ಅಂದರೆ ಅಕ್ಕನಿಗೆ ಟಿವಿ ಶೋದಲ್ಲಿ ಕಂಡ ಹುಡುಗ. ಮರಳುಗಾಡಿನಲ್ಲಿ ಬೈಕ್ ಓಡಿಸುವುದು ಒಂದು ಕೆಲಸ ಅಂತ ಅಕ್ಕನಿಗೆ ಹೇಳಿ ಅರ್ಥ ಮಾಡಿಸುವ ತಾಳ್ಮೆ ನನಗೂ ಇಲ್ಲ, ಅವನಿಗೂ ಇಲ್ಲ.

ಮೊದಲು ಅವನು ತೋರಿಸಿದ್ದು ಹಸಿರು ಬಣ್ಣದ ಕವಾಸಕಿ ಕೆಎಲ್‌ಎಕ್ಸ್ 140ರ ಫೋಟೋ. ಅದು ನಿಜವಾದ ಡರ್ಟ್ ಬೈಕ್. ಹೆಡ್‌ಲೈಟ್ ಇಲ್ಲ, ಇಂಡಿಕೇಟರ್ ಇಲ್ಲ, ನಂಬರ್ ಪ್ಲೇಟ್ ಇಲ್ಲ. ನಮ್ಮಲ್ಲಿ ಅದಕ್ಕೆ ರಿಜಿಸ್ಟ್ರೇಷನ್ ಆಗುವುದಿಲ್ಲ. ಟ್ರ್ಯಾಕಿನಲ್ಲಿ ಓಡಿಸಬಹುದು, ಸ್ವಂತ ಜಾಗದಲ್ಲಿ ಓಡಿಸಬಹುದು, ರಸ್ತೆಗೆ ಇಳಿಸುವ ಹಾಗಿಲ್ಲ. ಸ್ವಂತ ಜಾಗ ಅಂದರೆ ನಮಗಿರುವುದು ಅಡಿಕೆ ತೋಟ. "ಮದ್ದು ಬಿಡುವವರ ಕಾಲಡಿಯಲ್ಲಿ ಓಡಿಸ್ತೀಯಾ?" ಅಂತ ಕೇಳಿದೆ. ಇನ್ನೂ ಒಂದು ತೊಂದರೆ ಉಂಟು. ಅಂಥ ಬೈಕಿಗೆ ಎಂಜಿನ್ ಎಷ್ಟು ಗಂಟೆ ಓಡಿದೆ ಅನ್ನುವುದೇ ಲೆಕ್ಕ, ಕಿಲೋಮೀಟರ್ ಅಲ್ಲ. ಗಂಟೆ ತೋರಿಸುವ ಮೀಟರ್ ಹಾಕಿಸದಿದ್ದರೆ ಮಾರುವವನು ಹೇಳಿದ್ದೇ ಗಂಟೆ. ಆ ಮಾತು ಅಲ್ಲಿಗೇ ಮುಗಿಯಿತು.

ಆಮೇಲೆ ಬಂದದ್ದು ಈ ಎಕ್ಸ್‌ಪಲ್ಸ್ 200. 2021ರ ಗಾಡಿ, ಕೆಎ 21, ಅಂದರೆ ಪುತ್ತೂರು ರಿಜಿಸ್ಟ್ರೇಷನ್. 92 ಸಾವಿರ ಹೇಳಿದ್ದರು. ಇದು ಅರ್ಧ ರಸ್ತೆಯ ಬೈಕ್, ಅರ್ಧ ಗುಡ್ಡದ್ದು. ಮುಂದಿನ ಚಕ್ರ 21 ಇಂಚು, ಹಿಂದಿನದ್ದು 18. ನೆಲದಿಂದ 220 ಮಿಲಿಮೀಟರ್ ಎತ್ತರ. ನಮ್ಮ ಮನೆಯ ದಾರಿಯಲ್ಲಿ ಮುರಕಲ್ಲು ಎದ್ದು ನಿಂತಿರುವ ಆ ಇಳಿಜಾರಿಗೆ ಇದಕ್ಕಿಂತ ಸರಿಯಾದದ್ದು ಈ ದುಡ್ಡಿಗೆ ಸಿಗುವುದಿಲ್ಲ ಅಂತ ನನಗೂ ಅನ್ನಿಸಿತ್ತು. ಅಕ್ಕನಿಗೆ ಮಾತ್ರ ಹೇಳಿಲ್ಲ.

ಮಾರುವವರ ಮನೆ ಸಾರಡ್ಕದ ಗಡಿ ದಾಟಿ ಕರ್ನಾಟಕದ ಅಡ್ಯನಡ್ಕದ ಹತ್ತಿರ. ಇಚ್ಚನನ್ನು ಕರಕೊಂಡು ಹೋಗಿದ್ದೆವು. ಇಚ್ಚನ ಗ್ಯಾರೇಜ್ ಗೊತ್ತಲ್ವಾ, ನನ್ನ ಹಳೇ ಸ್ಕೂಟರನ್ನು ಇನ್ನೂ ಬದುಕಿಸಿ ಇಟ್ಟಿರುವುದು ಅವರೇ.

ಬೈಕ್ ಅಂಗಳದಲ್ಲಿ ನಿಂತಿತ್ತು. ತೊಳೆದು, ಒರೆಸಿ, ಪ್ಲಾಸ್ಟಿಕ್ಕಿಗೆಲ್ಲ ಪಾಲಿಶ್ ಹೊಡೆದು ಇಟ್ಟಿದ್ದರು. ಪುಟ್ಟನ ಕಣ್ಣು ನೋಡಬೇಕಿತ್ತು. ಇಚ್ಚ ಮನೆಯವರಿಗೆ ನಮಸ್ಕಾರ ಹೇಳುವ ಮೊದಲೇ ಹೋಗಿ ಎಂಜಿನ್ ಮೇಲೆ ಅಂಗೈ ಇಟ್ಟರು.

"ಬೆಚ್ಚಗೆ ಉಂಟಲ್ಲ?"

"ಈಗಷ್ಟೇ ಪೇಟೆಗೆ ಹೋಗಿ ಬಂದೆ" ಅಂದ ಹುಡುಗ.

"ಹಾಗಾದರೆ ತಣಿಯಲಿ. ನಮಗೆ ಅವಸರ ಇಲ್ಲ."

ಬಿಸಿ ಎಂಜಿನ್ ಎಲ್ಲವೂ ಚೆನ್ನಾಗಿಯೇ ಸ್ಟಾರ್ಟ್ ಆಗುತ್ತವೆ, ತಣ್ಣಗಿದ್ದಾಗಿನ ಹೊಗೆ ನೋಡಬೇಕು ಅಂತ ಇಚ್ಚ ಪುಟ್ಟನ ಕಿವಿಯಲ್ಲಿ ಹೇಳಿದರು. ಒಂದು ಗಂಟೆಯ ಮೇಲೆ ಕೂತೆವು. ಚಾ ಬಂತು, ಹಲಸಿನ ಹಪ್ಪಳ ಬಂತು.

ಒಳಗೆ ಟಿವಿಯಲ್ಲಿ ವಯನಾಡಿನ ಭೂಕುಸಿತದ್ದೇ ಸುದ್ದಿ. ಜುಲೈ 30ರಿಂದ ಮುಂಡಕ್ಕೈ, ಚೂರಲ್‌ಮಲೆ ಅನ್ನುವ ಹೆಸರು ಕೇಳದ ದಿನವಿಲ್ಲ. ಹುಡುಗನ ಅಪ್ಪ ಮನೆಯ ಹಿಂದಿನ ಗುಡ್ಡ ತೋರಿಸಿ, "ರಾತ್ರಿ ಮಳೆ ಜೋರಾದರೆ ಈಗ ನಾನು ನಿದ್ದೆ ಮಾಡುವುದಿಲ್ಲ, ಮಾಷ್ಟ್ರೇ" ಅಂದರು. ನಾನು ಏನು ಹೇಳಲಿ? ನಮ್ಮ ಮನೆಯ ಹಿಂದೆಯೂ ಗುಡ್ಡ ಕಡಿದೇ ಅಂಗಳ ಮಾಡಿದ್ದು. ಹಪ್ಪಳ ಕೈಯಲ್ಲೇ ಉಳಿಯಿತು. ಇಂಥ ಹೊತ್ತಿನಲ್ಲಿ ಬೈಕಿಗೆ ಚೌಕಾಸಿ ಮಾಡಲು ಬಂದಿದ್ದೇವಲ್ಲ ಅಂತಲೂ ಅನ್ನಿಸಿತು.

ಇಚ್ಚ ಎದ್ದು ಹೊರಗೆ ಹೋದರು.

ಸ್ಟಾರ್ಟ್ ಮಾಡಿದಾಗ ಮೊದಲು ಸ್ವಲ್ಪ ಬಿಳಿ ಹಬೆ ಬಂತು, ಹೋಯಿತು. ಮಳೆಗಾಲದಲ್ಲಿ ಅದು ಇದ್ದದ್ದೇ. ನೀಲಿ ಹೊಗೆ ಬಂದಿದ್ದರೆ ಎಂಜಿನ್ ಆಯಿಲ್ ಸುಡುತ್ತಿದೆ ಅಂತ ಅರ್ಥ, ಬರಲಿಲ್ಲ. ಎಂಜಿನ್ನಿನ ವಾಲ್ವ್ ಬಡಿಯುವ ಟ್ಯಾಪೆಟ್ ಶಬ್ದ ಹದದಲ್ಲಿತ್ತು. ಆಫ್ ಮಾಡಿಸಿ ಆಯಿಲ್ ಮುಚ್ಚಳ ತೆಗೆದು ಒಳಬದಿ ನೋಡಿದರು. ಹೊಳೆ ದಾಟಿಸುವಾಗ ಒಳಗೆ ನೀರು ಹೋಗಿದ್ದರೆ ಆಯಿಲ್ ಹಾಲು ಹಾಕಿದ ಚಾದ ಹಾಗೆ ಆಗಿರುತ್ತದಂತೆ. ಹಾಗೇನೂ ಇರಲಿಲ್ಲ. ಏರ್ ಫಿಲ್ಟರ್ ಬಿಚ್ಚಿಸಿ ಅದರ ಆಚೆ ಬೆರಳು ಆಡಿಸಿದರು. ಕೆಂಪು ಧೂಳು ಫಿಲ್ಟರ್ ದಾಟಿದರೆ ಪಿಸ್ಟನ್, ರಿಂಗ್ ಎಲ್ಲ ಸವೆಯುತ್ತವೆ. ಬೆರಳಿಗೆ ಏನೂ ಅಂಟಲಿಲ್ಲ. ಎಂಜಿನ್ ಪಾಸ್. ಪುಟ್ಟ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ.

"ಎಂಜಿನ್ ಒಳ್ಳೆಯದುಂಟು. ಇನ್ನು ಎಷ್ಟು ಸಲ ಬಿದ್ದಿದೆ ಅಂತ ನೋಡುವಾ" ಅಂದರು ಇಚ್ಚ.

ಮೀಟರಿನಲ್ಲಿ 19 ಸಾವಿರ ಚಿಲ್ಲರೆ ಕಿಲೋಮೀಟರ್ ಇತ್ತು. ಇಚ್ಚ ಅದನ್ನು ನೋಡಲೇ ಇಲ್ಲ. ಅವರು ಬಗ್ಗಿ ನೋಡಿದ್ದು ಕಾಲಿಡುವ ಪೆಗ್ಗನ್ನು. ಅದರ ಹಲ್ಲುಗಳು ಸವೆದು ಬೋಳಾಗಿದ್ದವು. ರಸ್ತೆಯಲ್ಲಿ ಕೂತು ಓಡಿಸುವವನದ್ದು ಹಾಗೆ ಸವೆಯುವುದಿಲ್ಲ. ಗುಡ್ಡದಲ್ಲಿ ಬೂಟ್ ಹಾಕಿ ಎದ್ದು ನಿಂತು ಓಡಿಸುವವನದ್ದು ಸವೆಯುತ್ತದೆ. ಎಂಜಿನ್ ಅಡಿಯ ಪ್ಲೇಟಿಗೆ ಹೊಸದಾಗಿ ಕಪ್ಪು ಪೇಂಟ್ ಹೊಡೆದಿತ್ತು. ಇಚ್ಚ ನನ್ನ ಕೈ ಹಿಡಿದು ಅದರ ಮೇಲೆ ಆಡಿಸಿದರು. ಕಣ್ಣಿಗೆ ಕಾಣದ ಗುಂಡಿಗಳೆಲ್ಲ ಬೆರಳಿಗೆ ಸಿಕ್ಕವು.

ಆಮೇಲೆ ಆ ಪ್ಲೇಟಿನ ಅಡಿಗೆ ಒಂದು ಕಲ್ಲು ಕೊಟ್ಟು ಮುಂದಿನ ಚಕ್ರ ಎತ್ತಿ ನಿಲ್ಲಿಸಿದರು. "ಮಾಷೇ, ಕಣ್ಣು ಮುಚ್ಚಿ. ಹ್ಯಾಂಡಲ್ ಮೆಲ್ಲ ತಿರುಗಿಸಿ. ಎರಡೇ ಬೆರಳಲ್ಲಿ."

ತಿರುಗಿಸಿದೆ. ಎಡದಿಂದ ನುಣ್ಣಗೆ ಬಂತು. ನಟ್ಟ ನಡುವೆ, ಚಕ್ರ ನೇರ ಆಗುವಲ್ಲಿ, ಟಕ್ ಅಂತ ಕೂತುಕೊಂಡಿತು. ಸ್ವಲ್ಪ ಒತ್ತಿದರೆ ಮಾತ್ರ ಬಲಕ್ಕೆ ಹೋಯಿತು. ಕಣ್ಣು ಬಿಟ್ಟು ಮಾಡಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.

"ಕೋನ್‌ಸೆಟ್ ಹೋಗಿದೆ. ಹಾರಿಸಿದ್ದಾನೆ" ಅಂದರು ಇಚ್ಚ. ಹ್ಯಾಂಡಲ್ ತಿರುಗುವುದು ಆ ಬೇರಿಂಗ್ ಜೋಡಿಯ ಮೇಲೆ. ಬೈಕ್ ಹಾರಿ ಇಳಿಯುವಾಗ ಚಕ್ರ ನೇರ ಇರುತ್ತದೆ. ಪೆಟ್ಟೆಲ್ಲ ಅದೇ ಜಾಗಕ್ಕೆ ಬೀಳುತ್ತದೆ, ಬೇರಿಂಗ್ ಕೂರುವ ರಿಂಗಿನಲ್ಲಿ ಅಲ್ಲೇ ಗುಂಡಿ ಆಗುತ್ತದೆ. ನೇರ ದಾರಿಯಲ್ಲಿ ಬೈಕ್ ತಾನೇ ಅತ್ತಿತ್ತ ಎಳೆಯಲು ಶುರು ಮಾಡುತ್ತದೆ. ಮುಂದಿನ ಎಡ ಶಾಕಿನ ಪೈಪಿನಲ್ಲಿ ಉಗುರಿನಷ್ಟು ಅಗಲದ ಎಣ್ಣೆ ಬಳೆಯೂ ಇತ್ತು. ಸೀಲ್ ಲೀಕ್.

ಕೊನೆಗೆ ಸ್ಪೋಕ್ಸ್. ಚಿಕ್ಕ ಸ್ಪ್ಯಾನರ್ ತೆಗೆದು ಒಂದೊಂದಕ್ಕೂ ತಾಗಿಸುತ್ತಾ ಬಂದರು. ಟಿಣ್, ಟಿಣ್, ಟಿಣ್, ಟಪ್. ಟಪ್ ಅಂದದ್ದು ಸಡಿಲ. ಚಕ್ರ ತಿರುಗಿಸಿ ನೋಡಿದರೆ ರಿಮ್ ಸೊಟ್ಟ ಆಗಿರಲಿಲ್ಲ. ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್ ಅಲುಗಾಡಿಸಿದರು, ಸಡಿಲ ಇಲ್ಲ. ಹ್ಯಾಂಡಲಿನ ಬುಡದಲ್ಲಿ ಫ್ರೇಮಿನ ವೆಲ್ಡಿಂಗ್‌ಗೆ ಟಾರ್ಚ್ ಹಾಕಿ ತುಂಬ ಹೊತ್ತು ನೋಡಿದರು. ಅಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಎದ್ದು ಬಂದುಬಿಡುವುದು ಅಂತ ಮೊದಲೇ ಮಾತಾಗಿತ್ತು. ಬಿರುಕಿಲ್ಲ. ಚೇಸಿಸ್ ನಂಬರ್ ಆರ್‌ಸಿಗೆ ತಾಳೆ ಆಯಿತು.

ಹುಡುಗ ಇಷ್ಟೂ ಹೊತ್ತು ಸುಮ್ನೆ ನಿಂತಿದ್ದ. ಕೆಟ್ಟವನಲ್ಲ. "ಗುಡ್ಡಕ್ಕೆ ಹೋಗಿದ್ದು ಹೌದು" ಅಂತ ಒಪ್ಪಿಕೊಂಡ. ಡರ್ಟ್ ಬೈಕನ್ನು ಗುಡ್ಡಕ್ಕಲ್ಲದೆ ದೇವಸ್ಥಾನಕ್ಕೆ ಮಾತ್ರ ಓಡಿಸ್ತಾರಾ? ನನಗೆ ಅವನ ಮೇಲೆ ಸಿಟ್ಟೇ ಬರಲಿಲ್ಲ. ಬಿದ್ದ ಗಾಡಿ ಅಂತ ಬೇಡ ಅನ್ನುವುದಾದರೆ ಈ ಜಾತಿಯ ಸೆಕೆಂಡ್ ಹ್ಯಾಂಡ್ ಗಾಡಿ ಯಾವುದನ್ನೂ ತಗೊಳ್ಳುವಂತಿಲ್ಲ. ಬಿದ್ದದ್ದು ಬೋಲ್ಟ್ ಬಿಚ್ಚಿ ಹಾಕುವ ಸಾಮಾನಿನ ಮೇಲೋ ಫ್ರೇಮಿನ ಮೇಲೋ ಅನ್ನುವುದೊಂದೇ ಪ್ರಶ್ನೆ. ಕೋನ್‌ಸೆಟ್, ಸೀಲು, ಸ್ಪೋಕ್ಸ್, ಎಲ್ಲ ಸೇರಿ ಐದಾರು ಸಾವಿರದ ಕೆಲಸ ಅಂತ ಇಚ್ಚನ ಲೆಕ್ಕ. ಅಷ್ಟಕ್ಕೆ ನಾನು ಹೆದರುವುದಿಲ್ಲ.

ಸೈಲೆನ್ಸರ್ ಮಾತ್ರ ಕಂಪೆನಿಯದ್ದಲ್ಲ, ಬೊಬ್ಬೆ ಹಾಕುವಂಥದ್ದು. ಅದರಲ್ಲಿ ಕೇರಳಕ್ಕೆ ತಂದರೆ ದಂಡ ಖಂಡಿತ. ಒರಿಜಿನಲ್ ಕೇಳಿದ್ದಕ್ಕೆ ಅಟ್ಟದಿಂದ ಇಳಿಸಿ ತಂದ, ಒಳಗಿಂದ ಜಿರಳೆ ಹಾರಿತು.

ತೊಂದರೆ ಶುರುವಾದದ್ದು ಕಾಗದಪತ್ರದಲ್ಲಿ. ಆರ್‌ಸಿಯಲ್ಲಿ ಫೈನಾನ್ಸ್‌ನವರ ಹೆಸರು ಇನ್ನೂ ಉಂಟು. ಸಾಲ ತೀರಿದೆಯಂತೆ, ಹೆಸರು ತೆಗೆಸಿಲ್ಲ. ಅದು ಹೋಗದೆ ಪುತ್ತೂರಿನಿಂದ ಗಾಡಿ ಬೇರೆ ರಾಜ್ಯಕ್ಕೆ ಹೋಗಲು ತಕರಾರಿಲ್ಲ ಅನ್ನುವ ಎನ್‌ಒಸಿ ಸಿಗುವುದಿಲ್ಲ. ಎನ್‌ಒಸಿ ಇಲ್ಲದೆ ಇಲ್ಲಿ ಕಾಸರಗೋಡಿನ ಕೆಎಲ್ 14 ನಂಬರ್ ಆಗುವುದಿಲ್ಲ. ಆಮೇಲೆ ಕೇರಳದ ತೆರಿಗೆ ಬೇರೆ.

"ಅದೆಲ್ಲ ಯಾಕೆ ಸರ್? ಹೀಗೇ ಓಡಿಸಿ. ಪೆರ್ಲದಲ್ಲಿ ಎಷ್ಟು ಕೆಎ ಗಾಡಿ ಇಲ್ಲ? ನಾನೇನೂ ತಕರಾರು ಮಾಡುವುದಿಲ್ಲ" ಅಂದ ಹುಡುಗ.

ಮಾತು ಸುಳ್ಳಲ್ಲ. ನಮ್ಮ ಕಡೆಯವರ ಆಸ್ಪತ್ರೆ ಮಂಗಳೂರು, ಅಡಿಕೆ ಮಂಡಿ ಪುತ್ತೂರು, ನೆಂಟರು ವಿಟ್ಲ. ಯಾವ ಗಾಡಿ ಯಾವ ರಾಜ್ಯದ್ದು ಅಂತ ಸಾರಡ್ಕದಲ್ಲಿ ಯಾರು ಕೂತು ಲೆಕ್ಕ ಇಡುತ್ತಾರೆ? ಆದರೆ ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರ್ ಮಾಡಿಸಲೇಬೇಕು. ಅದಕ್ಕಿಂತ ದೊಡ್ಡ ವಿಷಯ ಹೆಸರಿನದು. "ತಕರಾರು ಮಾಡಬೇಕಾದವನು ನೀನೇ ತಮ್ಮ" ಅಂದೆ. ಮಾರಿದ ಮೇಲೂ ಆರ್‌ಸಿಯಲ್ಲಿ ಯಾರ ಹೆಸರು ಉಂಟೋ ಅವರೇ ಮಾಲೀಕರು, ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿ ಆಗಿದೆ. ನಾಳೆ ಪುಟ್ಟ ಯಾರಿಗಾದರೂ ಗುದ್ದಿದರೆ ನೋಟಿಸ್ ಬರುವುದು ಅಡ್ಯನಡ್ಕಕ್ಕೆ. ಹುಡುಗನ ಅಪ್ಪ ಜಗಲಿಯಿಂದ ಎದ್ದು ಬಂದರು. ಅವರಿಗೆ ಈ ವಿಷಯ ಗೊತ್ತೇ ಇರಲಿಲ್ಲ. ಅಪ್ಪ ಮಗನಿಗೆ ಅಲ್ಲೇ ತುಳುವಿನಲ್ಲಿ ಜೋರು ಮಾತು ಶುರುವಾಯಿತು. ನಾವು ಚಪ್ಪಲಿ ಹಾಕಿಕೊಂಡೆವು.

ಬರುವಾಗ ಪೆರ್ಲದಲ್ಲಿ ಗೋಳಿಬಜೆ ತಿಂದೆವು. ಇಚ್ಚ ಪುಟ್ಟನನ್ನು ಕೇಳಿದರು, "ಇದನ್ನು ತಗೊಂಡು ಎಲ್ಲಿಗೆ ಹೋಗ್ತೀ ಮೋನೇ?"

"ರಾಣಿಪುರಂ ಗುಡ್ಡದ ತುದಿಗೆ."

"ಅಲ್ಲಿ ಮೇಲೆ ಗಾಡಿ ಬಿಡುವುದಿಲ್ಲ. ನಡೆದೇ ಹೋಗಬೇಕು."

ನಾನು ನಕ್ಕುಬಿಟ್ಟೆ. ಪುಟ್ಟ ಗೋಳಿಬಜೆ ಅರ್ಧಕ್ಕೇ ಬಿಟ್ಟು ಎದ್ದ. ಆ ಸಿಟ್ಟು ಇನ್ನೂ ಇಳಿದಿಲ್ಲ.

ರಾತ್ರಿ ಅಕ್ಕ ಮಂಗಳೂರಿನಿಂದ ಫೋನ್ ಮಾಡಿದಳು. ಅವಳಿಗೆ ಯಾರು ಹೇಳಿದರೋ. "ಮಾವ ಆದವನು ಬುದ್ಧಿ ಹೇಳುವುದು ಬಿಟ್ಟು ಮೆಕ್ಯಾನಿಕ್ ಕರಕೊಂಡು ಹೋಗ್ತೀಯಲ್ಲ!" ಅಂತ ಬೈದಳು. ಮೆಕ್ಯಾನಿಕ್ ಇಲ್ಲದೆ ಅವನೊಬ್ಬನೇ ಹೋಗಿದ್ದರೆ ಆ ಪಾಲಿಶ್ ನೋಡಿಯೇ ದುಡ್ಡು ಕೊಟ್ಟು ಬರುತ್ತಿದ್ದ. ಅದನ್ನು ಅಕ್ಕನಿಗೆ ಹೇಳಲಿಲ್ಲ. ಹೆಲ್ಮೆಟ್, ಮೊಣಕಾಲಿನ ಗಾರ್ಡ್, ಬೂಟು ಎಲ್ಲ ನಾನೇ ಕೊಡಿಸುತ್ತೇನೆ ಅಂದೆ. ಫೋನ್ ಇಟ್ಟೇಬಿಟ್ಟಳು.

ಈಗ ಹುಡುಗನ ಅಪ್ಪನ ಮೆಸೇಜ್ ಬಂದಿದೆ. 80 ಸಾವಿರಕ್ಕೆ ಕೊಡುತ್ತಾರಂತೆ, ಫೈನಾನ್ಸ್‌ನವರ ಹೆಸರು ಅವರೇ ತೆಗೆಸುತ್ತಾರಂತೆ. ಎನ್‌ಒಸಿ ವಿಷಯ ಬರೆದಿಲ್ಲ. 80, ರಿಪೇರಿಗೆ 6, ಬೂಟು ಗೀಟು ಹತ್ತಾದರೂ ಬೇಕು, ಮೇಲೆ ತೆರಿಗೆ. ನಾಳೆ ಶಾಲೆ ಬಿಟ್ಟ ಮೇಲೆ ತೆರಿಗೆ ಎಷ್ಟು ಬೀಳುತ್ತದೆ ಅಂತ ಕೇಳಬೇಕು. ಎನ್‌ಒಸಿ ಕೈಗೆ ಬಂದ ಮೇಲೆಯೇ ಪೂರ್ತಿ ದುಡ್ಡು, ಅಲ್ಲಿಯವರೆಗೆ ಅಡ್ವಾನ್ಸ್ ಮಾತ್ರ ಅಂದರೆ ಅವರು ಒಪ್ಪುತ್ತಾರೋ ಇಲ್ಲವೋ. ಒಪ್ಪಿದರೆ ಬೈಕ್ ಅಷ್ಟು ದಿನ ಯಾರ ಮನೆಯಲ್ಲಿ ನಿಲ್ಲಬೇಕು? ಇಲ್ಲಿ ತಂದಿಟ್ಟರೆ ಪುಟ್ಟ ಓಡಿಸದೆ ಬಿಡುವುದಿಲ್ಲ, ಅಲ್ಲೇ ಇಟ್ಟರೆ ಆ ಹುಡುಗ ಓಡಿಸದೆ ಇರುತ್ತಾನಾ?