ಜನವರಿಯ ಶಿಕಾಗೊ, ಕಾಲ್ನಡಿಗೆಯಲ್ಲಿ

ಡೆಟ್ರಾಯಿಟ್‌ನಿಂದ ಮಿನಿಯಾಪೊಲಿಸ್‌ಗೆ ಐ-94 ಹೆದ್ದಾರಿ ಒಂದನ್ನೇ ಹಿಡಿದು ಹೋಗಬಹುದು. ಶಿಕಾಗೊ ಆ ದಾರಿಯಲ್ಲೇ ಸಿಗುತ್ತದೆ. ಅಲ್ಲಿ ಇಳಿದು ಊರು ನೋಡಿಕೊಂಡೇ ಮುಂದೆ ಹೋಗೋಣ ಎಂದು ನಾನೂ ನನ್ನ ಗಂಡನೂ ನಿರ್ಧರಿಸಿದಾಗ, ಗೊತ್ತಿದ್ದವರೆಲ್ಲ ಹೇಳಿದ್ದು ಒಂದೇ ಮಾತು: ಜನವರಿಯಲ್ಲಿ ಬೇಡ, ಬೇಸಿಗೆಯಲ್ಲಿ ಹೋಗಿ. ನೋಡಿ ಬಂದಮೇಲೆ ನನ್ನ ಅಭಿಪ್ರಾಯ ಇದಕ್ಕೆ ತದ್ವಿರುದ್ಧ. ಶಿಕಾಗೊ ನೋಡಲು ಜನವರಿಯೇ ಸರಿ. ಯಾಕೆ ಅಂತ ಬರೆಯುತ್ತೇನೆ.

ಮೊದಲು ದಾರಿಯ ವಿಷಯ. ಕಲಮಜೂ ದಾಟುವವರೆಗೆ ಬಿಸಿಲಿತ್ತು. ಆಮೇಲೆ ಐದೇ ನಿಮಿಷದಲ್ಲಿ ಮುಂದಿನ ಲಾರಿಯ ಹಿಂದೀಪವೂ ಕಾಣದಷ್ಟು ಹಿಮ. ಇನ್ನೊಂದಷ್ಟು ದೂರ ಹೋದರೆ ಮತ್ತೆ ಬಿಸಿಲು. ಇದು ಮಿಷಿಗನ್ ಸರೋವರದ ಕೆಲಸ. ಪಶ್ಚಿಮದಿಂದ ಬೀಸುವ ಒಣ ತಂಡಿಗಾಳಿ, ತನಗಿಂತ ಬೆಚ್ಚಗಿರುವ ಸರೋವರದ ಮೇಲೆ ಹಾಯುವಾಗ ಹಸಿ ಹೀರಿಕೊಂಡು, ಈಚೆ ದಡ ಮುಟ್ಟಿದ ಕೂಡಲೇ ಹಿಮವಾಗಿ ಸುರಿದುಬಿಡುತ್ತದೆ. ಹಾಗಾಗಿ ಪೂರ್ವದ ದಡದ ಊರುಗಳಿಗೆ ಬೀಳುವಷ್ಟು ಹಿಮ ಪಶ್ಚಿಮದ ದಡದಲ್ಲಿರುವ ಶಿಕಾಗೊಗೆ ಬೀಳುವುದಿಲ್ಲ. ಈ ದಾರಿಯಲ್ಲಿ ಹೋಗುವವರು ಹವಾಮಾನ ನೋಡುವಾಗ ಶಿಕಾಗೊದ್ದಷ್ಟೇ ನೋಡಿ ಸುಮ್ಮನಾಗಬೇಡಿ, ಪೂರ್ವದ ದಡದ ಬೆಂಟನ್ ಹಾರ್ಬರ್‌ನದ್ದೂ ನೋಡಿ. ಗಾಜಿಗೆ ಹಾಯಿಸುವ ದ್ರವ ಚಳಿಗಾಲದ್ದೇ ಇರಲಿ, ಡಿಕ್ಕಿಯಲ್ಲಿ ಇನ್ನೊಂದು ಕ್ಯಾನ್ ಇರಲಿ. ಲಾರಿಗಳು ಎರಚುವ ಉಪ್ಪುನೀರಿಗೆ ಗಾಜು ಬೆಳ್ಳಗಾಗುತ್ತಲೇ ಇರುತ್ತದೆ. ಇಂಡಿಯಾನಾ ಗಡಿ ದಾಟುತ್ತಲೇ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಹಗಲು ಚಿಕ್ಕದಾಗಿರುವ ಕಾಲದಲ್ಲಿ ಸಿಕ್ಕ ಆ ಒಂದು ಗಂಟೆ ನಮಗೆ ತುಂಬಾ ಉಪಯೋಗಕ್ಕೆ ಬಂತು.

ಕಾರನ್ನು ಮಿಲೇನಿಯಂ ಪಾರ್ಕಿನ ಕೆಳಗಿನ ನೆಲಮಾಳಿಗೆಯಲ್ಲಿ ನಿಲ್ಲಿಸಿದೆವು. ಮೇಲೆ ಹತ್ತಿ ಬಂದರೆ ಹಿಮ ಹೊದ್ದ ಹುಲ್ಲುಹಾಸು, ಸಾಲುಮರ. ನಾನು ಸ್ಟ್ರಕ್ಚರಲ್ ಎಂಜಿನಿಯರ್, ನನಗೆ ಅಲ್ಲೇ ಕಾಲು ನಿಂತಿತು. 2004ರಲ್ಲಿ ತೆರೆದ ಈ 24.5 ಎಕರೆ ಉದ್ಯಾನ ಇರುವುದೇ ತಾರಸಿಯ ಮೇಲೆ. ಕೆಳಗೆ ಕಾರುಗಳು, ರೈಲು ಹಳಿಗಳು. ಇಷ್ಟು ಮಣ್ಣು, ಮರ, ಅದರ ಮೇಲೆ ಹಿಮದ ಭಾರ, ಎಲ್ಲವನ್ನೂ ಹೊತ್ತ ಒಂದು ಚಪ್ಪಡಿ ಕಾಲಿನ ಕೆಳಗಿದೆ ಅಂತ ನಡೆಯುವವರಿಗೆ ತಿಳಿಯುವುದೇ ಇಲ್ಲ.

ಎಲ್ಲರೂ 'ಬೀನ್' ಅನ್ನುವ, ಶಿಲ್ಪಿ ಅನೀಶ್ ಕಪೂರ್ ಅವರ 'ಕ್ಲೌಡ್ ಗೇಟ್' ಅಲ್ಲೇ ಇದೆ. 168 ಸ್ಟೇನ್‌ಲೆಸ್ ಸ್ಟೀಲ್ ತಗಡುಗಳನ್ನು ಬೆಸೆದು, ಬೆಸುಗೆಯ ಗುರುತೇ ಉಳಿಯದಂತೆ ಉಜ್ಜಿ ಹೊಳಪು ಕೊಟ್ಟಿದ್ದಾರೆ. ಫೋಟೋಗಳಲ್ಲಿ ಅದರ ಸುತ್ತ ಜನಜಾತ್ರೆಯನ್ನೇ ನೋಡಿದ್ದೆ. ಆವತ್ತು ಬೆಳಿಗ್ಗೆ ನಮ್ಮ ಜೊತೆ ಇದ್ದವರು ಬೆರಳೆಣಿಕೆಯಷ್ಟು ಜನ. ಅದರ ನೆತ್ತಿಯ ಮೇಲೆ ಹಿಮ ಕೂತಿತ್ತು. ಹಿಮ ಮುಗಿಯುವ ಅಂಚಿನಿಂದ ಕೆಳಗೆ ಮಿಷಿಗನ್ ಅವೆನ್ಯೂದ ಗೋಪುರಗಳೆಲ್ಲ ಬಾಗಿಕೊಂಡು ಕಾಣುತ್ತಿದ್ದವು. ಹತ್ತಿರ ಹೋಗಿ ಉಸಿರು ಬಿಟ್ಟರೆ ಒಂದು ಗೋಪುರ ಮಸುಕಾಗುತ್ತಿತ್ತು, ಆ ಮಸುಕು ಅಂಚಿನಿಂದ ಒಳಕ್ಕೆ ಕರಗುತ್ತಾ ಗೋಪುರ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಇವರು ಗ್ಲೌಸ್ ಬಿಚ್ಚಿ ಫೋಟೋ ತೆಗೆಯುವಷ್ಟರಲ್ಲಿ ಫೋನು ಆಫ್ ಆಯಿತು. ಮೈನಸ್ 11 ಡಿಗ್ರಿಯಲ್ಲಿ ಬ್ಯಾಟರಿ ಬೇಗ ಸೋಲುತ್ತದೆ. ಫೋನನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡರೆ ಬಾಳುತ್ತದೆ.

ಅಲ್ಲಿಂದ ಮುಂದೆ ನಮಗೆ ದಾರಿ ತೋರಿಸಿದ್ದು ಚಳಿಯೇ. ಕಾಲು ಮರಗಟ್ಟುವ ಮೊದಲು ಸಿಗುವ ಬಾಗಿಲು ಯಾವುದೋ ಅದರೊಳಗೆ ನುಗ್ಗುವುದು. ಮೊದಲು ಸಿಕ್ಕಿದ್ದು ರಸ್ತೆಯಾಚೆಯ ಕಲ್ಚರಲ್ ಸೆಂಟರ್. ಬೇಸಿಗೆಯಾಗಿದ್ದರೆ ಖಂಡಿತ ಹೊರಗಿನಿಂದಲೇ ನೋಡಿ ಮುಂದೆ ಹೋಗಿರುತ್ತಿದ್ದೆವು. ಅದು 1897ರಲ್ಲಿ ಊರಿನ ಸಾರ್ವಜನಿಕ ಗ್ರಂಥಾಲಯವಾಗಿ ಕಟ್ಟಿದ ಕಟ್ಟಡ. 1871ರ ಮಹಾಬೆಂಕಿಯಲ್ಲಿ ಊರು ಸುಟ್ಟುಹೋದಾಗ ಇಂಗ್ಲೆಂಡಿನ ಜನ ಪುಸ್ತಕ ಒಟ್ಟು ಮಾಡಿ ಕಳಿಸಿದ್ದರು. ಇಡಲು ಜಾಗವಿಲ್ಲದೆ ಅವನ್ನು ಹಳೆಯ ಕಬ್ಬಿಣದ ನೀರಿನ ಟ್ಯಾಂಕಿನೊಳಗೆ ಜೋಡಿಸಿ 1873ರಲ್ಲಿ ಗ್ರಂಥಾಲಯ ಶುರುಮಾಡಿದರು. ಹೀಗೆ ಟ್ಯಾಂಕಿನಲ್ಲಿ ಹುಟ್ಟಿದ ಗ್ರಂಥಾಲಯಕ್ಕೆ ಮುಂದೆ ಊರಿನವರು ಕಟ್ಟಿಸಿಕೊಟ್ಟದ್ದು ಈ ಅರಮನೆ. ಬಿಳಿ ಅಮೃತಶಿಲೆಯ ಮೆಟ್ಟಿಲು, ಅದರ ತುಂಬ ಹಸಿರು, ಬಂಗಾರದ ಮೊಸಾಯಿಕ್. ಹತ್ತಿ ಹೋದರೆ 38 ಅಡಿ ಅಗಲದ, ಟಿಫನಿ ಕಂಪನಿಯ ಗುಮ್ಮಟ, ಸುಮಾರು 30,000 ಗಾಜಿನ ಚೂರುಗಳದ್ದು. ಟಿಕೆಟ್ ಇಲ್ಲ, ಯಾರೂ ತಡೆಯುವುದಿಲ್ಲ. ಗುಮ್ಮಟದ ಕೆಳಗೆ ಒಬ್ಬ ಮುದುಕರು ಬೂಟು ಬಿಚ್ಚಿ, ಕೋಟು ಮಡಿಚಿ ಪಕ್ಕಕ್ಕಿಟ್ಟು ಪತ್ರಿಕೆ ಓದುತ್ತಿದ್ದರು. ಚಳಿಗಾಲದಲ್ಲಿ ಊರಿನ ಯಾರು ಬೇಕಾದರೂ ಬಂದು ಬೆಚ್ಚಗೆ ಕೂರಲು ಇಷ್ಟು ಚೆಂದದ ಜಾಗ ತೆರೆದಿಟ್ಟಿದ್ದಾರಲ್ಲ, ಆ ಊರಿನ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಅಲ್ಲಿ.

ಆರ್ಟ್ ಇನ್‌ಸ್ಟಿಟ್ಯೂಟ್ ಎಂಬ ಕಲಾ ಸಂಗ್ರಹಾಲಯ ಇವರ ಆಸೆ. 1893ರ ಸೆಪ್ಟೆಂಬರ್ 11ರಂದು ಸ್ವಾಮಿ ವಿವೇಕಾನಂದರು ಮಾತಾಡಿದ್ದು ಇದೇ ಕಟ್ಟಡದಲ್ಲಿ. ಅವರು ನಿಂತ ಸಭಾಂಗಣ ತಾತ್ಕಾಲಿಕವಾಗಿ ಕಟ್ಟಿದ್ದು, ಈಗ ಇಲ್ಲ. ಆದರೆ ಹೊರಗಿನ ರಸ್ತೆಗೆ ಗೌರವಾರ್ಥ ಅವರ ಹೆಸರಿದೆ, ಕಂದು ಬಣ್ಣದ ಫಲಕದಲ್ಲಿ. ಭಾಷಣದ ಕಥೆ ಎಲ್ಲರಿಗೂ ಗೊತ್ತು. ಆ ಗಾಳಿಯಲ್ಲಿ ನಿಂತಾಗ ನಮ್ಮಿಬ್ಬರ ಮಾತು ಹೊರಳಿದ್ದು ಅದಕ್ಕೆ ಮುಂಚಿನ ದಿನಗಳ ಕಡೆಗೆ. ಜುಲೈ ಕೊನೆಗೆ ಶಿಕಾಗೊ ತಲುಪಿದ ಸ್ವಾಮೀಜಿಗೆ ಸರ್ವಧರ್ಮ ಸಮ್ಮೇಳನ ಸೆಪ್ಟೆಂಬರಿನಲ್ಲಿ ಎಂದು ಗೊತ್ತಾಯಿತು, ಇಲ್ಲಿಯ ಖರ್ಚು ತಡೆಯಲಾರದೆ ಬಾಸ್ಟನ್ ಕಡೆಗೆ ಹೋದರು. ಅಲ್ಲಿಂದ ಆಗಸ್ಟ್ 20ರಂದು ಬರೆದ ಪತ್ರದಲ್ಲಿ, ಚಳಿಗಾಲದ ಬಟ್ಟೆಗೆ ದರ್ಜಿಗೆ ಹೇಳಿ ಬಂದಿದ್ದೇನೆ, ಕಡಿಮೆಯೆಂದರೂ 300 ರೂಪಾಯಿ ಬೀಳುತ್ತದೆ ಎಂಬ ಚಿಂತೆ ಇದೆ. ಆ ಪತ್ರ ಹೋದದ್ದು ಮದ್ರಾಸಿನಲ್ಲಿ ಮೇಷ್ಟರಾಗಿದ್ದ ಅಳಸಿಂಗ ಪೆರುಮಾಳರಿಗೆ, ಹುಟ್ಟೂರು ಚಿಕ್ಕಮಗಳೂರು. ಮನೆ ಮನೆ ಅಲೆದು ಸ್ವಾಮೀಜಿಯ ಪ್ರಯಾಣಕ್ಕೆ ಹಣ ಕೂಡಿಸಿದವರು ಅವರೇ. ಫಲಕದ ಕೆಳಗೆ ನಿಂತು ಇವರು "ಆ ಮೇಷ್ಟರ ಹೆಸರೂ ಇಲ್ಲೊಂದು ಕಡೆ ಇರಬೇಕಿತ್ತು ಕಣೇ" ಅಂದರು. ನನಗೂ ಹಾಗೇ ಅನಿಸುತ್ತದೆ.

ಹತ್ತಿರದಲ್ಲೇ ಆಡಮ್ಸ್ ರಸ್ತೆಯಲ್ಲಿ, ಪಶ್ಚಿಮಕ್ಕೆ ಹೋಗುವ ಹೆಸರಾಂತ ಹಳೆಯ ಹೆದ್ದಾರಿ ರೂಟ್ 66 ಶುರುವಾಗುವ ಫಲಕವಿದೆ. ಕಾರಿನಲ್ಲಿ ಊರೂರು ಸುತ್ತುವವರು ನೋಡದೆ ಹೋಗುವಂತಿಲ್ಲ, ನೋಡಿದೆವು.

ನನ್ನ ಆಸೆ ವಿಲ್ಲಿಸ್ ಟವರ್. ಓದುವಾಗ ಸಿಯರ್ಸ್ ಟವರ್ ಎಂದೇ ಪಾಠ ಆಗಿತ್ತು, ಬಾಯಿಗೆ ಈಗಲೂ ಆ ಹೆಸರೇ ಬರುತ್ತದೆ. ಢಾಕಾದಲ್ಲಿ 1929ರಲ್ಲಿ ಹುಟ್ಟಿದ ಫಜಲುರ್ ರೆಹಮಾನ್ ಖಾನ್ ಇದರ ಎಂಜಿನಿಯರ್. 110 ಮಹಡಿಯ ಕಟ್ಟಡಕ್ಕೆ ದೊಡ್ಡ ಶತ್ರು ಅದರ ಸ್ವಂತ ಭಾರವಲ್ಲ, ಗಾಳಿ. ಖಾನ್ 75 ಅಡಿ ಚೌಕದ ಒಂಬತ್ತು ಉಕ್ಕಿನ ಕೊಳವೆಗಳನ್ನು ಒಂದಕ್ಕೊಂದು ಅಂಟಿಸಿ ನಿಲ್ಲಿಸಿದರು. ಒಂಟಿ ಕಡ್ಡಿ ಬಾಗುತ್ತದೆ, ಕಡ್ಡಿಯ ಕಟ್ಟು ಬಾಗುವುದಿಲ್ಲ. ಎರಡು ಕೊಳವೆ 50ನೇ ಮಹಡಿಗೆ ನಿಲ್ಲುತ್ತವೆ, ಇನ್ನೆರಡು 66ಕ್ಕೆ, ಮೂರು 90ಕ್ಕೆ. ಉಳಿದೆರಡು ಮಾತ್ರ ಮೇಲೆ ಹೋಗುತ್ತವೆ. ಕೆಳಗೆ ರಸ್ತೆಯಲ್ಲಿ ನನ್ನ ಮಫ್ಲರನ್ನೇ ಕಿತ್ತುಕೊಳ್ಳುತ್ತಿದ್ದ ಆ ಗಾಳಿಯಲ್ಲಿ ಕತ್ತೆತ್ತಿ, ಕೊಳವೆಗಳು ಎಲ್ಲೆಲ್ಲಿ ನಿಂತಿವೆ ಎಂದು ಇವರಿಗೆ ಒಂದೊಂದಾಗಿ ತೋರಿಸಿದೆ. ಪುಸ್ತಕದಲ್ಲಿ ಬಾಣದ ಗುರುತು ಹಾಕಿ ತೋರಿಸುತ್ತಿದ್ದ ಗಾಳಿ ಮುಖಕ್ಕೇ ಬಡಿಯುತ್ತಿರುವಾಗ ಆ ಕಟ್ಟಡ ಅರ್ಥವಾಗುವ ರೀತಿಯೇ ಬೇರೆ. ಬೇಸಿಗೆಯಲ್ಲಿ ಇದು ಸಿಗುತ್ತಿರಲಿಲ್ಲ. ಪಕ್ಕದ ಮೂಲೆಯ ರಸ್ತೆಗೆ ಖಾನ್ ಅವರ ಹೆಸರಿಟ್ಟಿದ್ದಾರೆ ಅನ್ನುವುದು ನನಗೆ ದೊಡ್ಡ ಸಮಾಧಾನ. 103ನೇ ಮಹಡಿಗೆ ಹತ್ತಿದೆವು. ಚಳಿಗೆ ಗಾಳಿ ತಿಳಿಯಾಗಿ, ಸರೋವರದ ದಡಕ್ಕೆ ಅಂಟಿದ ಬೆಳ್ಳನೆ ಮಂಜುಗಡ್ಡೆಯ ಪಟ್ಟಿ, ಅದರಾಚೆ ಕಡುನೀಲಿ ನೀರು ತುಂಬಾ ದೂರದವರೆಗೆ ಕಾಣುತ್ತಿತ್ತು.

ವಾಪಸ್ ಬರುವಾಗ ಕ್ವಿನ್ಸಿ ಸ್ಟೇಷನ್ನಿನಲ್ಲಿ ರೈಲಿಗೆ ಕಾದೆವು. 1897ರ ಆ ನಿಲ್ದಾಣವನ್ನು ಹಳೆಯ ರೂಪದಲ್ಲೇ ಉಳಿಸಿಕೊಂಡಿದ್ದಾರೆ. ಶಿಕಾಗೊದ ಮೇಲ್ಸೇತುವೆ ರೈಲು ನಿಲ್ದಾಣಗಳಲ್ಲಿ ಚಳಿಗಾಲಕ್ಕೆ ತಲೆಯ ಮೇಲೆ ಕಾಯಿಸುವ ದೀಪಗಳಿರುತ್ತವೆ. ಅದರ ಕೆಂಪು ಬೆಳಕಿನ ಕೆಳಗೆ ಗುರುತು ಪರಿಚಯ ಇಲ್ಲದವರೆಲ್ಲ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಾರೆ. ನಮಗೂ ಸರಿದು ಜಾಗ ಮಾಡಿಕೊಟ್ಟರು.

ನದಿಯಲ್ಲಿ ಮಂಜಿನ ಹಾಳೆಗಳು ತೇಲುತ್ತಿದ್ದವು, ಸರೋವರಕ್ಕೆ ಬೆನ್ನು ಹಾಕಿ. ಕೊಳಚೆ ಕುಡಿಯುವ ನೀರಿಗೆ ಸೇರದಿರಲಿ ಎಂದು 1900ರ ಜನವರಿಯಲ್ಲಿ, ಹೊಸ ಕಾಲುವೆ ತೆರೆದು, ಆ ನದಿಯ ಹರಿವನ್ನೇ ಹಿಂದಕ್ಕೆ ತಿರುಗಿಸಿದರಂತೆ ಅಂತ ನಾನು ಶುರುಮಾಡಿದಾಗ ಇವರು, "ಇದನ್ನ ಒಳಗೆ ಹೋಗಿ ಹೇಳು" ಅಂದರು. ಬೇಸಿಗೆಯಲ್ಲಿ ದೋಣಿಯಲ್ಲಿ ಕೂತು ಈ ಕಟ್ಟಡಗಳನ್ನೆಲ್ಲ ನೋಡಬೇಕೆಂದು ಇವರಿಗಿದೆ. ನಾನು ಮತ್ತೆ ಜನವರಿಗೇ ಹೋಗುವವಳು; ಗಾರ್ಫೀಲ್ಡ್ ಪಾರ್ಕಿನ ಗಾಜಿನ ಮನೆಯೊಳಗಿನ ಜರೀಗಿಡಗಳನ್ನು ಈ ಸಲ ನೋಡಲಾಗಲಿಲ್ಲ.