ಲೈಸೆನ್ಸ್ ಅರ್ಜಿಗೆ ಮೊದಲ ಪ್ರಶ್ನೆ: ‘ಏನು ಓಡಿಸ್ತೀರಿ?’

ಗದಗದಲ್ಲಿ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಪಹಣಿ, ಪ್ಯಾನ್ ಕಾರ್ಡ್, ಜಾತಿ ಪ್ರಮಾಣಪತ್ರ ಎಲ್ಲಕ್ಕೂ ಜನ ಬರುತ್ತಾರೆ. ಆದರೆ ಗೊಂದಲ ಜಾಸ್ತಿ ಇರೋದು ಡ್ರೈವಿಂಗ್ ಲೈಸೆನ್ಸ್ ವಿಷಯದಲ್ಲೇ. ಬಂದವರು ಕೂರುವ ಮೊದಲೇ ಆಧಾರ್ ಕಾರ್ಡ್ ಟೇಬಲ್ ಮೇಲಿಟ್ಟು, "ಲೈಸೆನ್ಸ್ ಮಾಡಿಸ್ಬೇಕಿತ್ರಿ, ಏನೇನ್ ಬೇಕು?" ಅಂತಾರೆ. ನಾನು ಕಾಗದ ಮುಟ್ಟುವುದಿಲ್ಲ. ಮೊದಲು ಕೇಳುವುದು ಒಂದೇ: "ಏನು ಓಡಿಸ್ತೀರಿ?" ವಯಸ್ಸು, ಕಾಗದ, ಫೀ, ಕಾಯಬೇಕಾದ ದಿನ ಎಲ್ಲವೂ ಆ ಉತ್ತರದ ಮೇಲೆ ನಿಂತಿವೆ. ಈ ಕೆಲಸದಲ್ಲಿ ನಾನು ಕಲಿತದ್ದು ಮುಖ್ಯವಾಗಿ ಇದನ್ನೇ.

ಸ್ಕೂಟಿಯಿಂದಲೇ ಶುರು ಮಾಡೋಣ. ಮಗಳು ಪಿಯುಸಿ, ಕಾಲೇಜು ದೂರ, 16 ತುಂಬಿದೆ, ಲೈಸೆನ್ಸ್ ಸಿಗುತ್ತಲ್ವಾ ಎಂದು ತಂದೆ ಕೇಳುತ್ತಾರೆ. 16ಕ್ಕೆ ಸಿಗೋದು ನಿಜ, ಪಾಲಕರ ಒಪ್ಪಿಗೆಯೂ ಬೇಕು. ಆದರೆ ಅದು ಗೇರ್ ಇಲ್ಲದ, 50 ಸಿಸಿ ಮೀರದ ಗಾಡಿಗೆ ಮಾತ್ರ. ನಮ್ಮ ಊರಲ್ಲಿ ಓಡಾಡುವ ಸ್ಕೂಟರುಗಳು ಬಹುತೇಕ 100 ಸಿಸಿಗಿಂತ ಮೇಲಿನವು. ಅವಕ್ಕೆ 18 ಆಗಲೇಬೇಕು. "ಸಣ್ಣ ಓಣಿಯೊಳಗೆ ಓಡಿಸ್ತಾಳ ಬಿಡ್ರಿ" ಅನ್ನುವವರಿಗೆ ನಾನು ಬಿಡಿಸಿ ಹೇಳುತ್ತೇನೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಆದ ಮೇಲೆ ಸಣ್ಣವರ ಕೈಗೆ ಗಾಡಿ ಕೊಟ್ಟ ಪಾಲಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ ಇದೆ, 3 ವರ್ಷದವರೆಗೆ ಜೈಲೂ ಆಗಬಹುದು. ಗಾಡಿಯ ನೋಂದಣಿ 12 ತಿಂಗಳು ರದ್ದಾಗುತ್ತದೆ. ಆ ಮಗುವಿಗೆ 25 ವರ್ಷ ತುಂಬುವವರೆಗೆ ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್ ಕೂಡ ಸಿಗುವುದಿಲ್ಲ. ದಂಡವನ್ನಾದರೂ ಕಟ್ಟಬಹುದು, ಆ ವರ್ಷಗಳನ್ನು ಯಾರು ವಾಪಸ್ ಕೊಡ್ತಾರೆ?

18 ತುಂಬಿದವರು ಬಂದರೆ, ಸ್ಕೂಟಿ ಮಾತ್ರವೋ ಗೇರ್ ಬೈಕೂ ಬೇಕೋ ಎಂದು ಕೇಳುತ್ತೇನೆ. ಗೇರ್ ಇರುವ ಬೈಕಿಗೆ ಲೈಸೆನ್ಸ್ ಆದರೆ ಸ್ಕೂಟಿಯನ್ನೂ ಓಡಿಸಬಹುದು. ಸ್ಕೂಟಿ ಲೈಸೆನ್ಸ್ ಇಟ್ಟುಕೊಂಡು ಬೈಕ್ ಓಡಿಸುವಂತಿಲ್ಲ.

ಇನ್ನು ಟ್ರ್ಯಾಕ್ಟರ್. ನನಗೆ ಜಾಸ್ತಿ ಕಳವಳ ಇರೋದು ಇಲ್ಲೇ. ಮುಳಗುಂದ, ಲಕ್ಷ್ಮೇಶ್ವರ ಕಡೆಯಿಂದ ಹೆಸರು, ಉಳ್ಳಾಗಡ್ಡಿ ಹೇರಿಕೊಂಡು ಎಪಿಎಂಸಿಗೆ ಬರುವ ಎಷ್ಟೋ ಹುಡುಗರ ಜೇಬಿನಲ್ಲಿ ಇರುವುದು ಬೈಕ್ ಲೈಸೆನ್ಸ್ ಮಾತ್ರ. "ಹೊಲದ ಗಾಡಿ ಅಲ್ವಾ" ಅಂತಾರೆ. ಹೊಲ ದಾಟಿ ರಸ್ತೆಗೆ ಬಂದ ಮೇಲೆ ಅದೂ ಮೋಟಾರು ವಾಹನವೇ. ಖಾಲಿ ತೂಕ 7,500 ಕೆಜಿ ಮೀರದ ಟ್ರ್ಯಾಕ್ಟರನ್ನು ಕಾನೂನು ಲಘು ವಾಹನ ಎಂದೇ ಎಣಿಸುತ್ತದೆ. ಅಂದರೆ ಕಾರಿಗೆ ತೆಗೆಯುವ ಎಲ್‌ಎಂವಿ ಲೈಸೆನ್ಸ್ ಬೇಕು. ಏನಾದರೂ ಅಪಘಾತವಾದರೆ ವಿಮೆಯವರು ಮೊದಲು ನೋಡುವುದು ಈ ವರ್ಗವನ್ನೇ. ಬೈಕಿನ ಅರ್ಜಿ ಹಾಕುವಾಗಲೇ ಎಲ್‌ಎಂವಿಯನ್ನೂ ಸೇರಿಸಿದರೆ ಎಲ್‌ಎಲ್‌ಗೆ 150 ರೂಪಾಯಿ ಜಾಸ್ತಿ, ಮುಂದೆ ಡ್ರೈವಿಂಗ್ ಟೆಸ್ಟಿಗೆ ಇನ್ನೊಂದು 300. ರೈತರ ಮನೆಯ ಹುಡುಗರಿಗೆ ನಾನು ಇದನ್ನು ಒತ್ತಿ ಹೇಳುತ್ತೇನೆ.

ಸಣ್ಣ ಗೂಡ್ಸ್ ಗಾಡಿ ಓಡಿಸುವವರಿಗೆ ಒಂದು ಸಮಾಧಾನದ ಸಂಗತಿ ಇದೆ. ಒಟ್ಟು ತೂಕ 7,500 ಕೆಜಿ ಒಳಗಿರುವ ಸಾರಿಗೆ ವಾಹನಕ್ಕೆ ಎಲ್‌ಎಂವಿ ಲೈಸೆನ್ಸ್ ಸಾಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಹೇಳಿದೆ.

ಲಾರಿ, ಬಸ್ ಓಡಿಸುವ ಆಸೆ ಇರುವವರದು ಬೇರೆ ಲೆಕ್ಕ. ಹೆವಿ ಲೈಸೆನ್ಸಿಗೆ 20 ವರ್ಷ ಆಗಿರಬೇಕು, ಕೈಯಲ್ಲಿ ಎಲ್‌ಎಂವಿ ಲೈಸೆನ್ಸ್ ಬಂದು ಕನಿಷ್ಠ 1 ವರ್ಷವೂ ಆಗಿರಬೇಕು. ಅದಕ್ಕೇ 18-19ರ ಹುಡುಗರಿಗೆ ಈಗಲೇ ಎಲ್‌ಎಂವಿ ಮಾಡಿಸಿಡಿ ಅನ್ನುತ್ತೇನೆ. 20 ತುಂಬುವ ಹೊತ್ತಿಗೆ ಆ ವರ್ಷ ತಾನಾಗೇ ಕಳೆದಿರುತ್ತದೆ. 22ಕ್ಕೆ ಬಂದು ಹೊಸದಾಗಿ ಶುರು ಮಾಡುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಯಾರಾದರೂ ಮೊದಲೇ ಹೇಳಬೇಕಿತ್ತು.

ಕಾಗದಪತ್ರ ದೊಡ್ಡ ಮಾತಲ್ಲ. ಆಧಾರ್‌ಗೆ ಮೊಬೈಲ್ ನಂಬರ್ ಜೋಡಿಸಿರಬೇಕು, ಯಾಕಂದರೆ ಒಟಿಪಿ ಅಲ್ಲಿಗೇ ಬರುತ್ತದೆ. ಆಧಾರ್ ಮೂಲಕ ಹೋದರೆ ಹೆಸರು, ಹುಟ್ಟಿದ ದಿನ, ವಿಳಾಸ ಅಲ್ಲಿಂದಲೇ ಬರುತ್ತವೆ. ಶಾಲೆಗೆ ಸೇರಿಸುವಾಗ ಜೂನ್ 1 ಎಂದು ಬರೆಸಿದವರು ನಮ್ಮಲ್ಲಿ ಬಹಳ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೂ ಆಧಾರ್‌ಗೂ ತಾಳೆ ಆಗದಿದ್ದರೆ ಮೊದಲು ಅದನ್ನು ಸರಿ ಮಾಡಿಸಿ. 40 ದಾಟಿದವರು, ಸಾರಿಗೆ ವಾಹನದ ಲೈಸೆನ್ಸ್ ಬೇಕಾದವರು ನೋಂದಾಯಿತ ವೈದ್ಯರಿಂದ ಫಾರ್ಮ್ 1ಎ, ಅಂದರೆ ವೈದ್ಯಕೀಯ ಪ್ರಮಾಣಪತ್ರ ತರಬೇಕು. ಉಳಿದವರಿಗೆ ಫಾರ್ಮ್ 1 ಸ್ವಯಂ ಘೋಷಣೆ ಸಾಕು.

ಎಲ್‌ಎಲ್ ಪರೀಕ್ಷೆಯನ್ನು ಈಗ ಮನೆಯಿಂದಲೂ, ಕನ್ನಡದಲ್ಲೂ ಬರೆಯಬಹುದು. "ನೀವೇ ಒತ್ತಿಬಿಡ್ರಿ" ಎಂದು ಎಷ್ಟೋ ಜನ ಕೇಳುತ್ತಾರೆ. ನಾನು ಒತ್ತುವುದಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಚಿಹ್ನೆ ತೋರಿಸುತ್ತೇನೆ. ತ್ರಿಕೋನ ಇದ್ದರೆ ಎಚ್ಚರಿಕೆ, ದುಂಡಗಿದ್ದರೆ ಆಜ್ಞೆ. ನೀಲಿ ವೃತ್ತದಲ್ಲಿ ಒಂದೇ ಕೆಂಪು ಗೆರೆ ಇದ್ದರೆ ಪಾರ್ಕಿಂಗ್ ಇಲ್ಲ. ಎರಡು ಗೆರೆ ಅಡ್ಡಡ್ಡ ದಾಟಿದ್ದರೆ ಗಾಡಿ ನಿಲ್ಲಿಸುವಂತೆಯೇ ಇಲ್ಲ. ಇಷ್ಟು ತಲೆಗೆ ಹೋದರೆ ಅರ್ಧ ಪರೀಕ್ಷೆ ಮುಗಿದ ಹಾಗೆ.

ಎಲ್‌ಎಲ್ 6 ತಿಂಗಳು ಇರುತ್ತದೆ. 30 ದಿನ ಆದ ಮೇಲೆ ಡ್ರೈವಿಂಗ್ ಟೆಸ್ಟಿಗೆ ದಿನ ಹಿಡಿಯಬಹುದು. ಆ ದಿನಗಳನ್ನು ಸುಮ್ನೆ ಕಳೆಯಬೇಡಿ. ಹಿಂದೆ ಮುಂದೆ ಬಿಳಿ ಹಲಗೆಯ ಮೇಲೆ ಕೆಂಪು ‘ಎಲ್’ ಹಾಕಿ, ಲೈಸೆನ್ಸ್ ಇರುವವರನ್ನು ಜೊತೆಗೆ ಕೂರಿಸಿಕೊಂಡು ಓಡಿಸಿ. ಟೆಸ್ಟಿನ ದಿನ ಅರ್ಜಿಯಲ್ಲಿ ಬರೆಸಿದ ವರ್ಗದ ಗಾಡಿಯನ್ನೇ ಒಯ್ಯಿರಿ. ಗೇರ್ ಬೈಕ್ ಎಂದು ಬರೆಸಿ ತಂಗಿಯ ಸ್ಕೂಟಿ ತೆಗೆದುಕೊಂಡು ಹೋದರೆ ಆಗಲ್ಲ. ಆ ಗಾಡಿಯ ಆರ್‌ಸಿ, ವಿಮೆ, ಹೊಗೆ ತಪಾಸಣೆ ಪತ್ರದ ತಾರೀಕು ಹಿಂದಿನ ರಾತ್ರಿಯೇ ನೋಡಿಕೊಳ್ಳಿ, ಹೆಲ್ಮೆಟ್ ಮರೆಯಬೇಡಿ.