ಒಂದೇ ಪುಟ ಬ್ರೌಸರ್‌ಗೊಂದು ಥರ ಯಾಕೆ ಕಾಣುತ್ತದೆ?

‘ಕ್ರೋಮ್‌ನಲ್ಲಿ ಚೆನ್ನಾಗೇ ಇದೆ, ಐಫೋನ್‌ನಲ್ಲಿ ತೆಗೆದರೆ ಎಲ್ಲಾ ಕೆಟ್ಟುಹೋಗಿರುತ್ತೆ. ಯಾಕೆ?’ ಕನ್ನಡದಲ್ಲಿ ಸೈಟ್ ಮಾಡುವವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. ನನ್ನ ಉತ್ತರ ಇಷ್ಟೇ: ಸಿಎಸ್‌ಎಸ್‌ನಲ್ಲಿ, ಅಂದರೆ ಪುಟ ಹೇಗೆ ಕಾಣಬೇಕು ಅಂತ ಹೇಳುವ ಕೋಡ್‌ನಲ್ಲಿ, ನೀವು ಏನು ಹೇಳದೆ ಬಿಟ್ಟಿದ್ದೀರಿ ಅಂತ ಮೊದಲು ನೋಡಿ. ಹೇಳದೆ ಬಿಟ್ಟ ಜಾಗವನ್ನು ಪ್ರತಿ ಬ್ರೌಸರ್ ತನ್ನ ಪ್ರಕಾರ ತುಂಬಿಕೊಳ್ಳುತ್ತದೆ.

ಕನ್ನಡ ಪುಟಗಳಲ್ಲಿ ಹೀಗೆ ಬಿಟ್ಟುಹೋಗುವುದು ಹೆಚ್ಚಾಗಿ ಫಾಂಟ್. ಏರಿಯಲ್, ಸ್ಯಾನ್ಸ್-ಸೆರಿಫ್ ಅಂತ ಬರೆದು ಸುಮ್ನೆ ಮುಂದೆ ಹೋಗಿರುತ್ತಾರೆ. ಏರಿಯಲ್‌ನಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಆಗ ಬ್ರೌಸರ್ ಆ ಸಾಧನದಲ್ಲಿರುವ ಯಾವುದೋ ಕನ್ನಡ ಫಾಂಟ್ ಹುಡುಕಿಕೊಳ್ಳುತ್ತದೆ. ಹಳೆಯ ವಿಂಡೋಸ್‌ನಲ್ಲಿ ತುಂಗಾ, ವಿಂಡೋಸ್ 8ರಿಂದ ಈಚೆಗೆ ನಿರ್ಮಲಾ ಯುಐ, ಆಂಡ್ರಾಯ್ಡ್‌ನಲ್ಲಿ ನೋಟೋ, ಆಪಲ್‌ನಲ್ಲಿ ಕನ್ನಡ ಸಂಗಮ್‌ನಂಥವು. ಇವುಗಳ ಅಗಲ ಬೇರೆ, ಎತ್ತರ ಬೇರೆ. ಅಲ್ಲಿ ಒಂದೇ ಸಾಲಿನಲ್ಲಿ ಕೂತ ಮೆನು ಇಲ್ಲಿ ಎರಡು ಸಾಲಾಗುತ್ತದೆ.

ತಲೆಬರಹದಲ್ಲಿ ‘ರಾಷ್ಟ್ರೀಯ’ ಅನ್ನುವ ಪದ ಇದೆ ಅಂದುಕೊಳ್ಳಿ. ಷಕಾರದ ಕೆಳಗೆ ಟ ಒತ್ತು, ಅದರ ಜೊತೆಗೆ ರ ಒತ್ತು. ಇಂಗ್ಲಿಷ್ ಟೆಂಪ್ಲೇಟ್‌ನಿಂದ ಬಂದ ಲೈನ್-ಹೈಟ್ (ಸಾಲಿನ ಎತ್ತರ) 1.1, ಅದರ ಮೇಲೆ ಓವರ್‌ಫ್ಲೋ ಹಿಡನ್, ಅಂದರೆ ಚೌಕಟ್ಟಿನ ಹೊರಗೆ ಹೋದದ್ದನ್ನು ಮರೆಮಾಡು ಅನ್ನುವ ಸೂಚನೆ. ಒಂದು ಫಾಂಟ್‌ನಲ್ಲಿ ಒತ್ತುಗಳು ಹೇಗೋ ಒಳಗೇ ನಿಲ್ಲುತ್ತವೆ, ಇನ್ನೊಂದರಲ್ಲಿ ಅವುಗಳ ಕೆಳಭಾಗ ಕತ್ತರಿಸಿಹೋಗುತ್ತದೆ. ಓದುವವರು ಅದನ್ನು ಬರೆದವರ ಕಾಗುಣಿತದ ತಪ್ಪು ಅಂದುಕೊಳ್ಳುತ್ತಾರೆ. ಕಷ್ಟಪಟ್ಟು ಬರೆದವರಿಗೆ ಇದು ಅನ್ಯಾಯ, ಅಲ್ವಾ? ಕನ್ನಡಕ್ಕೆ ಲೈನ್-ಹೈಟ್ 1.6ರ ಆಸುಪಾಸಿನಲ್ಲಿ ಇಡಿ. ‘ನಾರ್ಮಲ್’ ಅಂತ ಬಿಟ್ಟರೆ ಅದು ಫಾಂಟ್‌ನ ಒಳಗಿನ ಅಳತೆಯನ್ನೇ ನಂಬುತ್ತದೆ, ಆ ಅಳತೆ ಫಾಂಟ್‌ನಿಂದ ಫಾಂಟ್‌ಗೆ ಬದಲಾಗುತ್ತದೆ.

ಸರಿಯಾದ ದಾರಿ, ಫಾಂಟನ್ನು ಪುಟದ ಜೊತೆಗೇ ಕಳಿಸುವುದು. ನೋಟೋ ಸ್ಯಾನ್ಸ್ ಕನ್ನಡ, ‘ಬಾಲೂ ತಮ್ಮ 2’ ಈ ಎರಡು ಫಾಂಟ್‌ಗಳೂ ಉಚಿತ. 400 (ಸಾಮಾನ್ಯ), 700 (ದಪ್ಪ) ಎರಡೂ ತೂಕ ಸೇರಿಸಿ. 700 ಇಲ್ಲದಿದ್ದರೆ ಬ್ರೌಸರ್ ಇರುವ ಅಕ್ಷರವನ್ನೇ ದಪ್ಪ ಮಾಡಿ ತೋರಿಸುತ್ತದೆ. ಆಗ ನಮ್ಮ ದುಂಡು ಅಕ್ಷರಗಳ ಹೊಟ್ಟೆ ಮುಚ್ಚಿಹೋಗುತ್ತದೆ.

ನಿಜಕ್ಕೂ ಯಾವ ಫಾಂಟ್ ಬಂದಿದೆ ಅಂತ ಊಹೆ ಮಾಡಬೇಡಿ. ಕ್ರೋಮ್‌ನಲ್ಲಿ ಪದದ ಮೇಲೆ ಇನ್‌ಸ್ಪೆಕ್ಟ್ ಒತ್ತಿ, ಕಂಪ್ಯೂಟೆಡ್ ಟ್ಯಾಬ್‌ನ ತೀರಾ ಕೆಳಗೆ ಹೋಗಿ. ಅಲ್ಲಿ ಹೆಸರು ಇರುತ್ತದೆ. ಫೈರ್‌ಫಾಕ್ಸ್‌ನಲ್ಲಿ ಇದಕ್ಕೇ ಫಾಂಟ್ಸ್ ಅನ್ನುವ ಟ್ಯಾಬ್ ಇದೆ.

ಫಾಂಟ್ ಸರಿಯಿದ್ದೂ ತೊಂದರೆ ಇದ್ದರೆ, ಎಚ್‌ಟಿಎಂಎಲ್‌ನ ಮೊದಲ ಸಾಲಿನಲ್ಲಿ ಡಾಕ್‌ಟೈಪ್, ಅಂದರೆ ಇದು ಈಗಿನ ನಿಯಮದ ಪುಟ ಅಂತ ಬ್ರೌಸರ್‌ಗೆ ಹೇಳುವ ಸಾಲು, ಇದೆಯಾ ನೋಡಿ. ಇಲ್ಲದಿದ್ದರೆ ಬ್ರೌಸರ್ 90ರ ದಶಕದ ಪುಟಗಳಿಗಾಗಿ ಉಳಿಸಿಕೊಂಡ ಕ್ವಿರ್ಕ್ಸ್ ಮೋಡ್‌ಗೆ ಹೋಗುತ್ತದೆ. ಬಟನ್, ಇನ್‌ಪುಟ್‌ಗಳು ಪುಟದ ಫಾಂಟನ್ನು ತಾವಾಗಿಯೇ ತೆಗೆದುಕೊಳ್ಳುವುದಿಲ್ಲ, ಫಾಂಟ್ ಇನ್ಹೆರಿಟ್ ಅಂತ ಬರೆಯಬೇಕು.

ಇನ್ನು ಹಳೆಯ ಫೋನ್. ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸುವ ಫ್ಲೆಕ್ಸ್‌ಬಾಕ್ಸ್ ಒಳಗಿನ ಗ್ಯಾಪ್ (ಪೆಟ್ಟಿಗೆಗಳ ನಡುವಿನ ಅಂತರ) ಫೈರ್‌ಫಾಕ್ಸ್‌ಗೆ 2018ರಲ್ಲಿ, ಕ್ರೋಮ್‌ಗೆ 2020ರಲ್ಲಿ, ಸಫಾರಿಗೆ 2021ರಲ್ಲಿ ಬಂತು. ಐಫೋನ್ 6 ಐಓಎಸ್ 12ರಲ್ಲೇ ನಿಂತಿದೆ, ಅಲ್ಲಿ ಕಾರ್ಡ್‌ಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಬ್ರೌಸರ್‌ಗೆ ಒಂದು ಸೌಲಭ್ಯ ಗೊತ್ತಾ ಅಂತ ಕೇಳುವ ಸಪೋರ್ಟ್ಸ್ ನಿಯಮ ಬರೆದು ಪರೀಕ್ಷಿಸಿದರೂ ಅಲ್ಲಿನ ಸಫಾರಿ ‘ಗ್ಯಾಪ್ ಗೊತ್ತು’ ಅನ್ನುತ್ತದೆ, ಯಾಕಂದ್ರೆ ಗ್ರಿಡ್ ಅನ್ನುವ ಇನ್ನೊಂದು ಜೋಡಣೆಯ ಗ್ಯಾಪ್ ಅದಕ್ಕೆ ಮೊದಲೇ ಗೊತ್ತು. ಅಂಥ ಫೋನ್ ಬಳಸುವ ಓದುಗರಿದ್ದರೆ ಮಾರ್ಜಿನ್ ಕೊಡುವುದೇ ವಾಸಿ.

ಐಫೋನ್‌ನಲ್ಲೂ ಕ್ರೋಮ್ ಹಾಕಿ ನೋಡಿದೆ, ಅಲ್ಲೂ ಹಾಗೇ ಇದೆ ಅಂತ ಹೇಳುವವರು ತುಂಬಾ ಜನ. ಭಾರತದಲ್ಲಿ ಮಾರುವ ಐಫೋನ್‌ನಲ್ಲಿ ಕ್ರೋಮ್ ಒಳಗೂ ಪುಟವನ್ನು ಬಿಡಿಸಿ ತೋರಿಸುವ ಸಫಾರಿಯ ವೆಬ್‌ಕಿಟ್ ಎಂಜಿನ್ನೇ ಕೆಲಸ ಮಾಡುವುದು. ಕ್ರೋಮ್‌ನ ಸ್ವಂತ ಬ್ಲಿಂಕ್ ಎಂಜಿನ್‌ನಲ್ಲಿ ಹೇಗೆ ಕಾಣುತ್ತದೆ ಅಂತ ತಿಳಿಯಬೇಕಾದರೆ ಆಂಡ್ರಾಯ್ಡ್ ಫೋನ್ ಒಂದನ್ನು ಪಕ್ಕದಲ್ಲಿಟ್ಟುಕೊಳ್ಳಿ.